ಬ್ಯಾಗಿಗೆ ಬೈದ ಮಾತು

ಬಸ್ಸಿನೊಳಗೆ ಅಂಟಿಸಿದ ಸೂಚನೆಗಳನ್ನು ಜನ ಓದುತ್ತಾರೆ ಎಂದು ನಂಬುವವರು ಲೋಕದಲ್ಲಿ ಎರಡೇ ಬಗೆ. ಊರಿಗೆ ಹೊಸದಾಗಿ ಬಂದವರು ಒಂದು, ಆ ಸೂಚನೆಗಳನ್ನು ಬರೆದವರು ಇನ್ನೊಂದು. ನಮ್ಮ ಕಥೆಯ ಮನುಷ್ಯ ಎರಡನೆಯ ಬಗೆಯವನು. ನಗರ ಸಾರಿಗೆ ಸಂಸ್ಥೆಯ ಪ್ರಚಾರ ವಿಭಾಗದಲ್ಲಿ ಕೂತು ಬಸ್ಸುಗಳಿಗೆ ಸೂಚನೆ ಬರೆಯುವುದೇ ಅವನ ಕೆಲಸ. ದಯವಿಟ್ಟು ಹಿರಿಯರಿಗೆ ಸೀಟು ಬಿಟ್ಟುಕೊಡಿ. ದಯವಿಟ್ಟು ಬಾಗಿಲಲ್ಲಿ ನಿಲ್ಲಬೇಡಿ. ದಯವಿಟ್ಟು ಮೆಲುದನಿಯಲ್ಲಿ ಮಾತಾಡಿ. ಅವನು ಬರೆದ ಒಂದು ಸಾಲೂ ಬೇರೆ ಪದದಿಂದ ಶುರುವಾದದ್ದಿಲ್ಲ. ಹಾಗಾಗಿ ಡಿಪೋದ ಡ್ರೈವರುಗಳಿಂದ ಹಿಡಿದು ಕ್ಯಾಂಟೀನಿನವರ ತನಕ ಎಲ್ಲರ ಬಾಯಲ್ಲೂ ಅವನು ದಯವಿಟ್ಟಪ್ಪ. ಗುರುತಿನ ಚೀಟಿಯಲ್ಲಿ ಬೇರೆ ಹೆಸರಿತ್ತು, ಆದರೆ ಯಾರಾದರೂ ಆ ಹೆಸರಿನಿಂದ ಕೂಗಿದರೆ ಅವನೇ ಹಿಂದೆ ತಿರುಗಿ ಯಾರಿರಬಹುದು ಎಂದು ನೋಡುತ್ತಿದ್ದ.

ಒಳ್ಳೆಯ ಮನುಷ್ಯ. ಒಳ್ಳೆಯವರು ಬರೆದದ್ದು ಸಪ್ಪೆಯಾಗಿರಬೇಕು ಎಂದು ಕಾನೂನೇನೂ ಇಲ್ಲ, ಆದರೂ ಹಾಗಾಗುತ್ತದೆ. ‘ಹಿರಿಯರಿಗೆ ಸೀಟು’ ಎಂಬ ಸೂಚನೆಗೇ ತಲೆ ಒರಗಿಸಿಕೊಂಡು ಗಟ್ಟಿಮುಟ್ಟಾದ ಯುವಕರು ನಿದ್ದೆ ಹೊಡೆಯುತ್ತಿದ್ದರು. ತಲೆಯ ಎಣ್ಣೆ ತಾಗಿ ತಾಗಿ ‘ಹಿರಿಯ’ ಎಂಬ ಅಕ್ಷರಗಳೇ ಅಳಿಸಿಹೋಗಿದ್ದವು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನೋಣವೆಂದರೆ, ಕೋಣ ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ಪ್ರಯಾಣಿಕರ ದೂರುಗಳು ಮಾತ್ರ ಹೆಚ್ಚುತ್ತಲೇ ಹೋದವು. ಪಕ್ಕದವನ ಮಂಡಿ ನನ್ನ ಸೀಟಿನ ಅರ್ಧ ನುಂಗಿತು, ಮುಂದಿನವಳ ಫೋನಿನ ಜಗಳವನ್ನು ಇಳಿಯುವ ತನಕ ಕೇಳಬೇಕಾಯಿತು, ಸೀಟಿನ ಮೇಲೆ ಬ್ಯಾಗು ಕೂತಿತ್ತು, ನಾನು ನಿಂತಿದ್ದೆ.

ಒಂದು ದಿನ ವಿಭಾಗದ ಮುಖ್ಯಸ್ಥರು ಅವನನ್ನು ಕರೆಸಿದರು. ಬೇರೆ ಊರುಗಳಲ್ಲಿ ನಗಿಸುವ ಜಾಹೀರಾತು ಹಾಕಿ ಜನರನ್ನು ದಾರಿಗೆ ತರುತ್ತಾರಂತೆ, ನಮ್ಮ ಬಸ್ಸಿಗೂ ನಗು ಬೇಕು ಎಂದರು. ಅವರು ಅದನ್ನು ಹೇಳಿದ ಮುಖ ನೋಡಿದರೆ ನಗು ಎಂಬುದು ಯಾವುದೋ ಬಿಡಿಭಾಗ, ಸ್ಟೋರಿನಿಂದ ತರಿಸಬಹುದು ಎಂದು ತಿಳಿದಂತಿತ್ತು. ತಿಂಗಳೊಳಗೆ ಬರೆಯಲಾಗದಿದ್ದರೆ ದಯವಿಟ್ಟಪ್ಪನನ್ನು ಕಳೆದುಹೋದ ಸಾಮಾನಿನ ಗೋದಾಮಿಗೆ ವರ್ಗ ಮಾಡುವುದಾಗಿಯೂ ತಿಳಿಸಿದರು. ಡಿಪೋದ ನೆಲಮಾಳಿಗೆಯಲ್ಲಿದ್ದ ಆ ಗೋದಾಮಿನಲ್ಲಿ ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆಗಳು, ಒಂಟಿ ಶೂಗಳು, ಊಟದ ಡಬ್ಬಿಗಳು, ಒಂದು ಜೊತೆ ಹಲ್ಲಿನ ಸೆಟ್ಟು ಎಲ್ಲ ಇದ್ದವು. ಅಲ್ಲಿಗೆ ಹೋದ ನೌಕರರೂ ಆ ಸಾಮಾನಿನ ಲೆಕ್ಕಕ್ಕೇ ಸೇರಿಬಿಡುತ್ತಾರೆ ಎಂದು ಡಿಪೋದಲ್ಲಿ ಮಾತಿತ್ತು.

ಅವನ ಮನೆಯಲ್ಲಿ ಮೂವರು. ಅವನು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹೆಂಡತಿ, ಹೆಂಡತಿಯ ತಾಯಿ. ಅತ್ತೆ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು. ದೊಡ್ಡ ದೊಡ್ಡ ಮೆಷಿನ್ನುಗಳ ಗದ್ದಲವನ್ನು ಮೀರಿಸಿ ಮಾತಾಡಿದ ಗಂಟಲು ಅದು, ಮನೆಯ ಗೋಡೆಗಳನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಲಾಂಡ್ರಿಯಲ್ಲಿ ಅವರು ಒಂದು ಉಪಾಯ ಕಂಡುಕೊಂಡಿದ್ದರು. ಕೆಲಸದವರನ್ನು ನೇರವಾಗಿ ಬೈದರೆ ಮೇಲಿನವರಿಗೆ ದೂರು ಹೋಗುತ್ತಿತ್ತು. ಅದಕ್ಕೇ ಬಟ್ಟೆಗಳನ್ನು ಬೈಯಲು ಶುರುಮಾಡಿದರು. ಏನಮ್ಮಾ ದಿಂಬಿನ ಚೀಲ, ಒಂದೇ ಕಡೆ ಇಸ್ತ್ರಿ ಮಾಡಿಸ್ಕೊಂಡು ಎದ್ದು ಬಂದುಬಿಟ್ಯಾ, ನಿನ್ನ ಇಸ್ತ್ರಿ ಮಾಡೋರಿಗೆ ಊಟದ ಗಂಟೆ ಹೊಡೀತಾ, ಎಂದು ಎತ್ತಿ ಹಿಡಿದು ವಿಚಾರಿಸುತ್ತಿದ್ದರಂತೆ. ಇಸ್ತ್ರಿ ಮಾಡಿದವಳು ತಲೆ ತಗ್ಗಿಸಿಕೊಂಡು ಬಂದು ಚೀಲವನ್ನು ಇಸಿದುಕೊಂಡು ಹೋಗುತ್ತಿದ್ದಳಂತೆ. ದಿಂಬಿನ ಚೀಲ ಯಾರ ಹತ್ತಿರ ಹೋಗಿ ದೂರು ಕೊಟ್ಟೀತು? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಮಾತನ್ನು ಅವರಷ್ಟು ಚೆನ್ನಾಗಿ ನಡೆಸಿದವರನ್ನು ನಾನು ಕಂಡಿಲ್ಲ.

ನಿವೃತ್ತರಾಗಿ ಮಗಳ ಮನೆಗೆ ಬಂದಾಗ ಮಗಳು ತಾಯಿಯಿಂದ ಒಂದು ಮಾತು ತೆಗೆದುಕೊಂಡಿದ್ದಳು. ನನ್ನ ಗಂಡ ಮೆತ್ತನೆಯ ಮನುಷ್ಯ, ಅವರಿಗೆ ಒಂದು ಮಾತೂ ಅನ್ನಕೂಡದು. ಅತ್ತೆ ಒಪ್ಪಿ, ಅದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದರು. ನಾಲ್ಕು ವರ್ಷವಾದರೂ ಅಳಿಯನಿಗೆ ಒಂದು ಮಾತೂ ಅಂದಿರಲಿಲ್ಲ. ಅಂದದ್ದೆಲ್ಲ ಅವನ ಚಪ್ಪಲಿಗೆ, ಕೊಡೆಗೆ, ಫೋನಿಗೆ, ಬ್ಯಾಗಿಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ಗಾದೆ. ಈ ಮನೆಯಲ್ಲಿ ಕೊತ್ತಿಯೂ ಇರಲಿಲ್ಲ, ಕೋಪ ಬರುತ್ತಿದ್ದದ್ದೂ ಅತ್ತೆಗೇ. ಅವನ ಕಡೆಯಿಂದ ಹೋಗುತ್ತಿದ್ದದ್ದು ಹೂಂ, ಆಯ್ತು, ಸಾಕು, ಇಷ್ಟೇ. ಅದಕ್ಕಿಂತ ಉದ್ದದ್ದೇನಾದರೂ ಇದ್ದರೆ ಹೆಂಡತಿಯ ಕೈಲಿ ಹೇಳಿಸುತ್ತಿದ್ದ.

ಮುಖ್ಯಸ್ಥರ ಬೆದರಿಕೆಯ ದಿನ ಸಂಜೆ ಅವನು ಮನೆಗೆ ಬಂದು, ಕಿಟಕಿ ಪಕ್ಕದ ಕುರ್ಚಿಯ ಮೇಲೆ ಬ್ಯಾಗು ಒಗೆದು, ಸೋಫಾದಲ್ಲಿ ಕುಸಿದು ಕೂತ. ಆ ಕುರ್ಚಿ ಅತ್ತೆಯದು. ಅಡುಗೆಮನೆಯಿಂದ ಚಹಾ ಹಿಡಿದು ಬಂದ ಅತ್ತೆ ಕುರ್ಚಿಯ ಮುಂದೆ ನಿಂತು, ಒಂದು ಕೈ ಸೊಂಟದ ಮೇಲಿಟ್ಟು, ಎಡಗಡೆಯ ಹುಬ್ಬು ಮೇಲೇರಿಸಿದರು.

"ಏನಮ್ಮಾ ಬ್ಯಾಗೇ, ದಿನವೆಲ್ಲ ದುಡಿದು ಸುಸ್ತಾಯ್ತಾ? ಕೂತ್ಕೋ, ಏಳಬೇಡ. ನನ್ನ ಮಂಡಿಗಳಿಗೇನು, ನಿಂತು ಅಭ್ಯಾಸ ಇದೆ. ಚಹಾ ನೀನೇ ಕುಡೀತೀಯಾ, ಇಲ್ಲಾ ನಿನ್ನ ಯಜಮಾನರಿಗೆ ಕೊಡ್ಲಾ?"

ದಯವಿಟ್ಟಪ್ಪ ಥಟ್ಟನೆ ಎದ್ದು ಬ್ಯಾಗು ತೆಗೆದ. ತೆಗೆದವನು ಅದನ್ನು ಎದೆಗವಚಿಕೊಂಡು ಹಾಗೇ ನಿಂತುಬಿಟ್ಟ. ಬ್ಯಾಗು ತೆಗೀರಿ ಎಂದು ಯಾರೂ ಹೇಳಿರಲಿಲ್ಲ. ಅವನಿಗೆ ಸಿಟ್ಟೂ ಬಂದಿರಲಿಲ್ಲ. ನಗು ಬಂದಿತ್ತು, ನಗು ತುಟಿಗೆ ಬರುವ ಮೊದಲೇ ಕೈ ತನ್ನ ಕೆಲಸ ಮುಗಿಸಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ಅಲ್ಲವೇ ಎಂದುಕೊಂಡ. ಇಷ್ಟು ವರ್ಷ ತಾನು ಮನುಷ್ಯರನ್ನು ಬೇಡಿಕೊಳ್ಳುತ್ತಿದ್ದದ್ದೇ ತಪ್ಪು, ಮಾತಾಡಿಸಬೇಕಾದದ್ದು ಬ್ಯಾಗನ್ನು.

ಮರುದಿನ ಆಫೀಸಿನಲ್ಲಿ ಚಿತ್ರ ಬರೆಯುವಾಕೆಯ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಒಂದೊಂದೇ ಹೇಳಿದ. ಏನೂ ಹೊಸದಾಗಿ ಕಟ್ಟಬೇಕಾಗಿರಲಿಲ್ಲ, ನಾಲ್ಕು ವರ್ಷದ ಬೆಳೆ ಕಣಜದಲ್ಲಿತ್ತು. ಬಾಗಿಲಲ್ಲಿ ಬಿಟ್ಟ ಚಪ್ಪಲಿಗೆ ಅತ್ತೆ ಅಂದದ್ದು ಬಸ್ಸಿನ ಬಾಗಿಲಲ್ಲಿ ಜೋತುಬೀಳುವವರಿಗೆ ಹೇಳಿಮಾಡಿಸಿದಂತಿತ್ತು: "ಏನ್ರಪ್ಪಾ ಚಪ್ಪಲಿಗಳೇ, ಬಾಗಿಲಲ್ಲೇ ಸಂಸಾರ ಹೂಡಿದ್ರಾ? ಒಳಗೂ ಜಾಗ ಇದೆ, ನಾಲ್ಕು ಹೆಜ್ಜೆ ನಡೆದ್ರೆ ಸವೆದು ಹೋಗಲ್ಲ." ಸೋಫಾದಲ್ಲಿ ಅವನು ಕಾಲಗಲಿಸಿ ಕೂತಾಗ ಹೇಳಿದ್ದು: "ಮಂಡಿಗಳೇ, ನೀವಿಬ್ರೂ ಜಗಳ ಆಡಿದೀರಾ? ಇಷ್ಟು ದೂರ ದೂರ ಕೂತಿದೀರಲ್ಲ. ಒಳ್ಳೆ ಮಾತಲ್ಲಿ ರಾಜಿ ಮಾಡ್ಕೊಳ್ಳಿ." ಫೋನಿಗೆ ಹೇಳಿದ್ದು: "ಫೋನಪ್ಪಾ, ಇನ್ನೂ ಸ್ವಲ್ಪ ಜೋರಾಗಿ ಮಾತಾಡು. ಎದುರು ಮನೆಯೋರು ಕಿಟಕಿ ಮುಚ್ಕೊಂಡಿದಾರೆ, ಪಾಪ, ಅವರಿಗೆ ಕಥೆ ಅರ್ಧಕ್ಕೇ ನಿಂತಿದೆ." ನೀರಿಳಿಯುವ ಕೊಡೆಗೆ ಹೇಳಿದ್ದು: "ಯಾಕಮ್ಮಾ ಅಳ್ತಿದೀಯಾ, ಯಾರೇನಂದ್ರು? ಅಳೋದಾದ್ರೆ ಬಕೆಟ್ಟಿನ ಹತ್ರ ಕೂತು ಅಳು, ನನ್ನ ಕಾಲ ಮೇಲೆ ಬೇಡ."

ಚಿತ್ರದಾಕೆ ನಕ್ಕೂ ನಕ್ಕೂ ಪೆನ್ಸಿಲ್ಲಿನ ಮೊನೆ ಮುರಿದಳು. ಬೈಯುವ ಅಜ್ಜಿ ಹೇಗಿದ್ದಾಳೆ ಎಂದು ಕೇಳಿದಳು. ಯಾವುದೋ ಒಂದು ಅಜ್ಜಿ ಬರೀರಿ ಎಂದ. ಯಾವುದೋ ಅಜ್ಜಿ ಎಂದು ಲೋಕದಲ್ಲಿ ಯಾರೂ ಇಲ್ಲ, ತುರುಬು ಇದೆಯೋ ಇಲ್ಲವೋ ಹೇಳಿ ಎಂದಳು. ಇದೆ ಎಂದ. ಕೈ ಎಲ್ಲಿ? ಸೊಂಟದ ಮೇಲೆ. ಹುಬ್ಬು? ಎಡಗಡೆಯದು ಮೇಲೆ. ಸೊಂಟದಲ್ಲಿ ಏನಾದರೂ? ಕೀಲಿಗೊಂಚಲು. ಹೀಗೆ ಒಂದೊಂದೇ ಉತ್ತರ ಕೊಡುತ್ತ ಹೋದ. ಮುದ್ರಣವಾಗಿ ಬಂದ ಹಾಳೆ ಬಿಚ್ಚಿದಾಗ ಅತ್ತೆಯೇ ಎದುರು ನಿಂತು ಅವನನ್ನು ದಿಟ್ಟಿಸಿದರು. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು, ಆದರೆ ಅಷ್ಟರಲ್ಲಿ ಹಾಳೆಗಳು ಬಸ್ಸುಗಳಿಗೆ ಹೋಗಿಯಾಗಿತ್ತು.

ಆಮೇಲೆ ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಜನ ಓದಿದರು. ಓದಿ ನಕ್ಕರು, ನಕ್ಕು ಪಕ್ಕದವರ ಬ್ಯಾಗು ನೋಡಿದರು, ಪಕ್ಕದವರು ಬ್ಯಾಗನ್ನು ತೊಡೆಯ ಮೇಲೆ ಎತ್ತಿಕೊಂಡರು. ಎಷ್ಟೋ ವರ್ಷಗಳಿಂದ ಬೇರೆ ಬೇರೆ ದಿಕ್ಕು ನೋಡುತ್ತಿದ್ದ ಮಂಡಿಗಳು ಒಂದಾದವು. ಗಂಟಲು ಹರಿದುಕೊಳ್ಳುತ್ತಿದ್ದ ಕಂಡಕ್ಟರುಗಳು ಈಗ ಬಾಗಿಲ ಕಡೆ ಬಗ್ಗಿ, ಶೂಗಳೇ, ಒಳಗೆ ಬನ್ನಿ, ನಿಮ್ಮ ಜೊತೆ ಇರೋರನ್ನೂ ಕರ್ಕೊಂಡು ಬನ್ನಿ ಎನ್ನತೊಡಗಿದರು. ನೇರವಾಗಿ ಹೇಳಿದ್ದರೆ ಹೊಡೆದಾಟಕ್ಕೆ ಬರುತ್ತಿದ್ದ ಜನ, ತಮ್ಮ ಶೂಗಳಿಗೆ ಹೇಳಿದ್ದಕ್ಕೆ ಹಲ್ಲು ಕಿರಿಯುತ್ತ ಒಳಗೆ ಬರುತ್ತಿದ್ದರು. ಚಿತ್ರದ ಅಜ್ಜಿಗೆ ಊರು ಬಸ್ಸಜ್ಜಿ ಎಂದು ಹೆಸರಿಟ್ಟಿತು. ದೂರುಗಳು ಇಳಿದವು. ಮುಖ್ಯಸ್ಥರು ಮೇಲಿನವರ ಸಭೆಯಲ್ಲಿ, ಇದು ಬಹಳ ದಿನದಿಂದ ನನ್ನ ತಲೆಯಲ್ಲಿತ್ತು ಎಂದರು. ಅವರ ತಲೆಯಲ್ಲಿ ಖಾಲಿ ಜಾಗಕ್ಕೆ ಕೊರತೆಯಿರಲಿಲ್ಲ, ಇದ್ದರೂ ಇದ್ದಿರಬಹುದು. ಅಲ್ಲಿಂದ ಬಂದವರೇ ಬಸ್ಸಜ್ಜಿಯ ಎರಡನೆಯ ಕಂತಿಗೆ ಅಪ್ಪಣೆ ಕೊಟ್ಟರು.

ಹೆಂಡತಿಗೆ ಅವನು ಮೊದಲೇ ಹೇಳಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗು ನಿಂತ ಮೇಲೆ ಗಂಭೀರಳಾದಳು. ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು ಅಮ್ಮನಿಗೆ ನೀವೇ ಹೇಳಿಬಿಡಿ ಎಂದಳು. ಹೇಳುತ್ತೇನೆ ಎಂದ. ಇವತ್ತು ಅವರ ಮಂಡಿ ನೋಯುತ್ತಿದೆ, ನಾಳೆ. ನಾಳೆ ಬಂದಾಗ, ಇವತ್ತು ಖುಷಿಯಾಗಿದ್ದಾರೆ, ಯಾಕೆ ಕೆಡಿಸಬೇಕು. ಅತ್ತೆ ಮನೆ ಬಿಟ್ಟು ಹೊರಗೆ ಹೋಗುವುದು ಕಡಿಮೆ, ಬಸ್ಸು ಹತ್ತುವುದು ಇನ್ನೂ ಕಡಿಮೆ ಎಂಬ ಧೈರ್ಯ ಅವನದು.

ಅವನಿಗೆ ಇದ್ದ ಭಯ ಬೈಗುಳದ್ದಲ್ಲ. ಬೈಗುಳ ನಿಂತುಹೋದರೆ ಎಂಬ ಭಯ. ದಯವಿಟ್ಟಪ್ಪ ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವನು. ಅಲ್ಲಿ ಅವನ ಬ್ಯಾಗು ಎಲ್ಲಿ ಬಿದ್ದಿದೆ, ಚಪ್ಪಲಿ ಯಾವ ದಿಕ್ಕಿಗಿದೆ, ಕೊಡೆ ನೆನೆದಿದೆಯೋ ಒಣಗಿದೆಯೋ ಎಂದು ಕೇಳುವ ಒಂದು ನರಪಿಳ್ಳೆಯೂ ಇರಲಿಲ್ಲ. ಮದುವೆಯಾಗಿ, ಅತ್ತೆ ಬಂದು, ಮೊದಲ ಸಲ ತನ್ನ ಚಪ್ಪಲಿಯನ್ನು ಯಾರೋ ವಿಚಾರಿಸಿಕೊಂಡದ್ದು ಕೇಳಿ ಅವನಿಗೆ ಒಳಗೊಳಗೇ ಬೆಚ್ಚಗಾಗಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಒಂದು ಸಂಜೆ ಅವನು ಮನೆಗೆ ಬಂದು ಎಂದಿನಂತೆ ಬ್ಯಾಗನ್ನು ಕುರ್ಚಿಯ ಮೇಲೆ ಹಾಕಿದ. ಅತ್ತೆ ಚಹಾ ತಂದರು. ಅವರಿಗೆ ಹೊಸ ಕನ್ನಡಕ ಬಂದಿತ್ತು. ಕುರ್ಚಿಯ ಮುಂದೆ ನಿಂತರು, ಬ್ಯಾಗನ್ನು ನೋಡಿದರು. ಅವನು ತುಟಿಯ ತುದಿಯಲ್ಲಿ ನಗು ಸಿದ್ಧ ಮಾಡಿಕೊಂಡು ಕಾದ. ಅತ್ತೆ ಚಹಾವನ್ನು ಮೇಜಿನ ಮೇಲಿಟ್ಟು, ಬ್ಯಾಗನ್ನು ಎರಡೂ ಕೈಯಿಂದ ಎತ್ತಿ ಗೋಡೆಯ ಮೊಳೆಗೆ ನೇತುಹಾಕಿ, ಒಂದೂ ಮಾತಿಲ್ಲದೆ ಒಳಗೆ ಹೋದರು. ಚಹಾ ಬಿಸಿಯಾಗಿಯೇ ಇತ್ತು, ಅವನಿಗೆ ರುಚಿ ಹತ್ತಲಿಲ್ಲ.

ಕಾರಣ ಮರುದಿನ ಡಿಪೋದ ಕ್ಯಾಂಟೀನಿನಲ್ಲಿ ಗೊತ್ತಾಯಿತು. ಒಬ್ಬ ಕಂಡಕ್ಟರು ತಟ್ಟೆ ಹಿಡಿದುಕೊಂಡು ಬಂದು ಅವನ ಎದುರೇ ಕೂತು, ನಿನ್ನೆ ನನ್ನ ಬಸ್ಸಿಗೆ ಬಸ್ಸಜ್ಜಿಯೇ ಹತ್ತಿದ್ದರು ಎಂದು ಸುತ್ತ ಇದ್ದವರಿಗೆಲ್ಲ ಕೇಳುವಂತೆ ಶುರುಮಾಡಿದ. ಅದೇ ತುರುಬು, ಅದೇ ಕೀಲಿಗೊಂಚಲು, ಮೂಗಿನ ಮೇಲೆ ಹೊಸ ಕನ್ನಡಕವಂತೆ. ಇಡೀ ಬಸ್ಸು ಒಮ್ಮೆ ಹಾಳೆ ನೋಡಿತು, ಒಮ್ಮೆ ಆಕೆಯನ್ನು ನೋಡಿತು. ಕಾಲಗಲಿಸಿ ಕೂತಿದ್ದವನೊಬ್ಬ ಮಂಡಿಗಳನ್ನು ಸೇರಿಸಿದ ರಭಸಕ್ಕೆ ಟಕ್ಕೆಂದು ಸದ್ದಾಯಿತು. ಒಂದೇ ಸಲ ನಾಲ್ಕು ಜನ ಎದ್ದು ಸೀಟು ಕೊಟ್ಟರು. ಆಕೆ ಕೂರಲಿಲ್ಲ. ಕಂಬಿ ಹಿಡಿದುಕೊಂಡು, ಓಡುವ ಬಸ್ಸಿನಲ್ಲಿ ಮುಂದಿನಿಂದ ಹಿಂದಿನ ತನಕ ಒಂದೊಂದೇ ಹಾಳೆಯ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, ಎಲ್ಲವನ್ನೂ ಓದಿದರು. ಆಗ ಹಿಂದಿನ ಸೀಟಿನವನೊಬ್ಬ, ಅಜ್ಜಿ, ನಮ್ಮ ಬ್ಯಾಗಿಗೂ ಒಂದು ಬೈರಿ ಎಂದ. ಜನ ಚಪ್ಪಾಳೆ ತಟ್ಟಿದರು. ಆಕೆ ಗಂಟೆ ಹೊಡೆಸಿ ಮುಂದಿನ ನಿಲ್ದಾಣದಲ್ಲೇ ಇಳಿದುಹೋದರು. ಟಿಕೆಟ್ಟು ಇನ್ನೂ ಮುಂದಕ್ಕೆ ಇತ್ತು ಎಂದು ಕಂಡಕ್ಟರು ಆಶ್ಚರ್ಯಪಟ್ಟ. ಆಕೆ ಯಾರು ಅಂತ ಗೊತ್ತಾ ಎಂದು ದಯವಿಟ್ಟಪ್ಪನನ್ನೇ ಕೇಳಿದ. ಅವನು ಬಾಯಲ್ಲಿದ್ದ ತುತ್ತನ್ನು ಬಹಳ ಹೊತ್ತು ಅಗಿದ.

ಅಂದಿನಿಂದ ಮನೆ ಮೌನವಾಯಿತು. ಅತ್ತೆ ಮುನಿಸಿಕೊಂಡು ಊಟ ಬಿಟ್ಟವರಲ್ಲ, ಬಾಗಿಲು ದಡಾರೆಂದು ಹಾಕಿದವರಲ್ಲ. ಕೆಲಸವೆಲ್ಲ ಎಂದಿನಂತೆ ನಡೆಯುತ್ತಿತ್ತು, ಆದರೆ ಚಪ್ಪಲಿಯನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಅವನು ಗಾಳ ಹಾಕಿ ನೋಡಿದ. ಚಪ್ಪಲಿಗಳನ್ನು ಬಾಗಿಲಿಗೆ ಅಡ್ಡ ಬಿಟ್ಟ. ಒದ್ದೆ ಟವೆಲನ್ನು ಹಾಸಿಗೆಯ ನಡುಮಧ್ಯೆ ಹರಡಿದ. ಫೋನಿನಲ್ಲಿ ಹವಾಮಾನ ವರದಿಯನ್ನು ಬೀದಿಗೆ ಕೇಳುವಷ್ಟು ಜೋರಾಗಿ ಹಾಕಿದ. ಮಳೆಯಿಲ್ಲದ ದಿನ ನಲ್ಲಿಯ ಕೆಳಗೆ ಕೊಡೆ ಹಿಡಿದು ನೆನೆಸಿಕೊಂಡು ಬಂದು ಅತ್ತೆಯ ಕಾಲ ಬಳಿಯೇ ಇಟ್ಟ. ಸೋಫಾದಲ್ಲಿ ಎಷ್ಟು ಕಾಲಗಲಿಸಿ ಕೂತನೆಂದರೆ ಏಳುವಾಗ ತೊಡೆ ಹಿಡಿದುಕೊಂಡಿತು. ಅತ್ತೆ ಚಪ್ಪಲಿ ಜೋಡಿಸಿದರು, ಟವೆಲು ಒಣಹಾಕಿದರು, ಕೊಡೆಯನ್ನು ಬಕೆಟ್ಟಿಗೆ ಇಳಿಬಿಟ್ಟರು, ತೊಡೆಗೆ ಹಚ್ಚಲು ಮುಲಾಮನ್ನು ಮಗಳ ಕೈಲಿ ಕಳಿಸಿದರು. ಬಾಯಿ ಮಾತ್ರ ತೆರೆಯಲಿಲ್ಲ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಅವನು ರಾತ್ರಿ ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುತ್ತಿದ್ದ. ಅಮ್ಮನನ್ನು ನೀನೇ ಸಮಾಧಾನ ಮಾಡು ಎಂದು ಹೆಂಡತಿಯ ಬೆನ್ನು ಹತ್ತಿದ. ಅವಳು ಸಾರಾಸಗಟಾಗಿ ನಿರಾಕರಿಸಿದಳು.

"ನಾಲ್ಕು ವರ್ಷ ನಿಮ್ಮಿಬ್ಬರ ಮಧ್ಯೆ ಟಪಾಲು ಹಂಚಿದ್ದು ಸಾಕು. ಕದ್ದೋರು ನೀವು, ಹೋಗಿ ಹೇಳೋರೂ ನೀವೇ."

ಇತ್ತ ಎರಡನೆಯ ಕಂತಿನ ಗಡುವು ಹತ್ತಿರ ಬಂತು. ಬಾವಿ ಬತ್ತಿತ್ತು, ಅವನು ತಾನೇ ತೋಡಲು ಹೊರಟ. ‘ಮಾನ್ಯ ಕೊಡೆಯವರೇ, ತಾವು ದಯವಿಟ್ಟು ಅಳುವುದನ್ನು ನಿಲ್ಲಿಸತಕ್ಕದ್ದು’ ಎಂದು ಬರೆದ. ‘ಪ್ರಿಯ ರೆಪ್ಪೆಗಳೇ, ಹಿರಿಯರು ಬಂದಾಗ ನಿದ್ದೆಯ ನಟನೆ ಮಾಡದಿರಲು ದಯವಿಟ್ಟು ಕೋರಿಕೆ’ ಎಂದು ಬರೆದ. ಚಿತ್ರದಾಕೆ ಎಲ್ಲ ಓದಿ, ಚೂಪಾಗಿದ್ದ ಪೆನ್ಸಿಲ್ಲನ್ನೇ ಮತ್ತೆ ಚೂಪು ಮಾಡುತ್ತ ಕೂತಳು. ಮುಖ್ಯಸ್ಥರು ಓದಿ, ಇದು ಅದೇ ಅಜ್ಜಿಯೋ ಅಥವಾ ಅಜ್ಜಿಗೆ ಜ್ವರ ಬಂದಿದೆಯೋ ಎಂದು ಕೇಳಿದರು. ಜೀವನದಲ್ಲಿ ಅವರು ಮಾಡಿದ ಒಂದೇ ಒಳ್ಳೆಯ ತಮಾಷೆ ಅದು. ಮೊದಲನೆಯವನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಹೋಗಿ ಇನ್ನಷ್ಟು ತನ್ನಿ ಎಂದು ಹಾಳೆಗಳನ್ನು ಹಿಂದಕ್ಕೆ ದೂಡಿದರು.

ಆಗ ದಯವಿಟ್ಟಪ್ಪ ತನ್ನ ನೌಕರಿಯಲ್ಲಿ ಮೊದಲ ಬಾರಿಗೆ ಆಗುವುದಿಲ್ಲ ಎಂದ. ಅವು ನನ್ನ ಮಾತುಗಳಲ್ಲ, ಒಬ್ಬರ ಮನೆಯ ಮಾತುಗಳು, ಕೇಳದೆ ತೆಗೆದುಕೊಂಡಿದ್ದೆ, ಇನ್ನು ತೆಗೆದುಕೊಳ್ಳುವುದಿಲ್ಲ ಎಂದ. ಮುಖ್ಯಸ್ಥರಿಗೆ ಒಬ್ಬರ ಮಾತನ್ನು ಇನ್ನೊಬ್ಬರು ತೆಗೆದುಕೊಳ್ಳುವುದರಲ್ಲಿ ಏನು ತಪ್ಪು ಎಂದು ಅರ್ಥವಾಗಲಿಲ್ಲ, ಅವರು ಬೆಳೆದು ಬಂದದ್ದೇ ಆ ದಾರಿಯಲ್ಲಿ. ಹಾಗಾದರೆ ಗೋದಾಮು ಎಂದರು. ಆಗಲಿ ಎಂದು ಇವನು ಬ್ಯಾಗು ಹೆಗಲಿಗೇರಿಸಿ ಹೊರಬಿದ್ದ.

ಮನೆಗೆ ಬಂದಾಗ ಮಧ್ಯಾಹ್ನ. ಅತ್ತೆ ಕಿಟಕಿ ಪಕ್ಕ ನಿಂತು ಒಗೆದು ಒಣಗಿದ ಹೊದಿಕೆಗಳನ್ನು ಮಡಿಸುತ್ತಿದ್ದರು. ಮಡಿಸುವುದಕ್ಕೆ ಬೇಡವೆಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅಳಿಯನನ್ನು ಒಮ್ಮೆ ನೋಡಿ, ಮತ್ತೆ ಮಡಿಸತೊಡಗಿದರು. ಅವನು ಚಪ್ಪಲಿಯನ್ನು ಮೂಲೆಯಲ್ಲಿ ಜೋಡಿಸಿಟ್ಟ. ಬ್ಯಾಗನ್ನು ಮೊಳೆಗೆ ಹಾಕಿದ. ಅತ್ತೆಯ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ. ಆ ಮನೆಯಲ್ಲಿ ಕಷ್ಟದ ಮಾತು ಆಡಲು ಇದ್ದದ್ದು ಒಂದೇ ರೀತಿ, ಅವನು ಅದನ್ನೇ ಹಿಡಿದ. ಮೇಜಿನ ಹತ್ತಿರ ಹೋಗಿ, ಬಗ್ಗಿ, ಗಂಟಲು ಸರಿಮಾಡಿಕೊಂಡ.

"ಕನ್ನಡಕವೇ, ನಿನ್ನ ಹತ್ರ ಒಂದು ವಿಷಯ ಹೇಳ್ಬೇಕಿತ್ತು. ಬಸ್ಸಲ್ಲಿ ನೀನು ಓದಿದ್ದು ನನ್ನ ಮಾತಲ್ಲ. ಕೇಳದೆ ತಗೊಂಡೆ, ತಗೊಂಡ್ಮೇಲೂ ಹೇಳ್ಲಿಲ್ಲ. ತಪ್ಪಾಯ್ತು. ಇನ್ನು ಬರೆಯಲ್ಲ ಅಂತ ಆಫೀಸಲ್ಲಿ ಹೇಳಿ ಬಂದಿದೀನಿ. ಗೋದಾಮಿಗೆ ಹಾಕ್ತಾರಂತೆ, ಹಾಕ್ಲಿ. ಈ ಮನೇಲಿ ನನ್ನ ಚಪ್ಪಲಿನ ಯಾರೂ ಮಾತಾಡಿಸ್ತಿಲ್ಲ. ನಂಗೆ ಊಟ ಸೇರ್ತಿಲ್ಲ."

ಅತ್ತೆ ಕೈಯಲ್ಲಿದ್ದ ಹೊದಿಕೆಯ ಅಂಚಿಗೆ ಅಂಚು ಸೇರಿಸಿ, ಅಂಗೈಯಿಂದ ಸುಕ್ಕು ಒತ್ತಿ, ಮಡಿಕೆಯನ್ನು ಮುಗಿಸಿದರು.

"ಕನ್ನಡಕಕ್ಕೆ ಕಿವಿ ಇಲ್ಲ. ನನಗೆ ಹೇಳಿ."

ನಾಲ್ಕು ವರ್ಷದಲ್ಲಿ ಅವನಿಗೇ ಎಂದು ಬಂದ ಮೊದಲ ಮಾತು ಅದು. ಅವನು ಬಗ್ಗಿದವನು ನೆಟ್ಟಗಾದ. ಊರೆಲ್ಲ ನಿಮ್ಮನ್ನು ನೋಡಿ ನಗುವ ಹಾಗೆ ಮಾಡಿಬಿಟ್ಟೆ ಎಂದು ತೊದಲಿದ. ಅತ್ತೆ ಕೈಬೀಸಿ ಅದನ್ನು ತಳ್ಳಿಹಾಕಿದರು. ನಗುವವರನ್ನು ಲಾಂಡ್ರಿಯಲ್ಲಿ ಇದಕ್ಕಿಂತ ಹೆಚ್ಚು ನೋಡಿದ್ದೇನೆ, ಚಿತ್ರವೂ ಚೆನ್ನಾಗಿಯೇ ಇದೆ, ಸಿಟ್ಟು ಅದಕ್ಕಲ್ಲ ಎಂದರು. ಮತ್ತೆ ಯಾಕೆ ಎಂದು ಅವನು ಕೇಳಿದ. ಅತ್ತೆ ಇನ್ನೊಂದು ಹೊದಿಕೆ ಎತ್ತಿಕೊಂಡರು, ಮಡಿಸದೆ ಎದೆಗೆ ಹಿಡಿದುಕೊಂಡು ನಿಂತರು.

"ಆ ಬಸ್ಸಲ್ಲಿ ಒಬ್ಬ ತನ್ನ ಬ್ಯಾಗಿಗೂ ಒಂದು ಬೈರಿ ಅಂದ. ಅವನ ಬ್ಯಾಗಿಗೆ ನಾನ್ಯಾಕೆ ಬೈಲಿ? ಅವನು ಉಂಡಿದಾನೋ ಇಲ್ವೋ, ನೆಂದು ಬಂದಿದಾನೋ, ಆಫೀಸಲ್ಲಿ ಯಾರ ಹತ್ರ ಏನು ಅನ್ನಿಸ್ಕೊಂಡು ಬಂದಿದಾನೋ, ನನಗೇನು ಗೊತ್ತು? ನಿಮ್ಮ ಬ್ಯಾಗು ಬಿದ್ದ ಸದ್ದು ಕೇಳಿದ್ರೆ ಇವತ್ತು ಏನಾಗಿದೆ ಅಂತ ನನಗೆ ಅಡುಗೆಮನೆಗೇ ಗೊತ್ತಾಗತ್ತೆ. ಅದಕ್ಕೆ ತಕ್ಕ ಹಾಗೆ ಬೈದಿದೀನಿ. ಅವತ್ತು ಜೀವಾನೇ ಇಲ್ದೋರ ಹಾಗೆ ಬಂದಿದ್ರಿ, ಒಂಚೂರು ನಗಲಿ ಅಂತ ಚಹಾ ನೀನೇ ಕುಡೀತೀಯಾ ಅಂದೆ. ಒಬ್ಬರಿಗೆ ಅಂತ ಮಾಡಿಟ್ಟಿದ್ದನ್ನ ಊರಿಗೆಲ್ಲ ಹಂಚಿಬಿಟ್ರಲ್ಲ."

ದಯವಿಟ್ಟಪ್ಪನ ಕಣ್ಣು ತುಂಬಿಬಂತು. ತನಗೆ ಯಾರೂ ಏನೂ ಕೊಟ್ಟಿಲ್ಲ ಎಂದು ತಿಳಿದಿದ್ದ ದಿನಗಳಲ್ಲೆಲ್ಲ ಸಂಜೆಯಾದರೆ ಒಬ್ಬರು ಅವನಿಗೇ ಅಳತೆ ಮಾಡಿ ಕೊಡುತ್ತಿದ್ದರು. ಅವನು ಅದನ್ನು ಬಸ್ಸಿಗೆ ಅಂಟಿಸಿ ಬಂದಿದ್ದ.

ಅತ್ತೆ ಅಳಿಯನ ಅಳು ನೋಡುತ್ತ ನಿಲ್ಲುವವರಲ್ಲ. ಹೊದಿಕೆಯ ಒಂದು ತುದಿಯನ್ನು ಅವನತ್ತ ಎಸೆದು ಹಿಡಿದುಕೊಳ್ಳಿ ಎಂದರು. ಅವನು ಹಿಡಿದ. ಇಬ್ಬರೂ ಎಳೆದು, ಜಾಡಿಸಿ, ಎದುರುಬದುರು ಬಂದು ಮಡಿಸಿದರು. ಅವನು ಅಂಚು ತಪ್ಪಿಸಿದ, ಅತ್ತೆ ಬಿಡಿಸಿ ಮತ್ತೆ ಮಡಿಸಿದರು. ಬಸ್ಸುಗಳಿಂದ ಹಾಳೆಗಳನ್ನು ತೆಗೆಸುತ್ತೇನೆ ಎಂದು ಅವನು ಹೇಳಿದಾಗ ಬೇಡವೆಂದರು. ನಾಲ್ಕು ಜನ ಎದ್ದು ಸೀಟು ಕೊಟ್ಟದ್ದು ನಿಜ, ಮಂಡಿ ನೋವಿನವರು ಊರಲ್ಲಿ ತಾನೊಬ್ಬಳೇ ಅಲ್ಲ, ಹೋದದ್ದು ಹೋಯಿತು, ಅವು ಇರಲಿ. ಎರಡನೆಯ ಹೊದಿಕೆಯ ಮಧ್ಯದಲ್ಲಿ ಅವರ ಕೈ ಒಮ್ಮೆಗೇ ನಿಂತಿತು. ಎಡಗಡೆಯ ಹುಬ್ಬು ಮೇಲೇರಿತು.

"ಒಂದ್ನಿಮಿಷ. ಗೋದಾಮಿಗೆ ಹಾಕ್ಲಿ ಅಂದ್ರಾ? ಕೂತ್ಕೊಳ್ಳಿ ಇಲ್ಲಿ."

ಅವನು ಕೂತ. ಕೂತದ್ದು ಅತ್ತೆಯ ಕುರ್ಚಿಯಲ್ಲಿ, ಗಾಬರಿಯಲ್ಲಿ ಅದೂ ತಿಳಿಯಲಿಲ್ಲ. ಅತ್ತೆ ಸೊಂಟಕ್ಕೆ ಕೈಯಿಟ್ಟು ಎದುರು ನಿಂತು ಶುರುಮಾಡಿದರು. ಚಪ್ಪಲಿಯ ಹೆಸರು ಬರಲಿಲ್ಲ, ಕೊಡೆಯ ಹೆಸರು ಬರಲಿಲ್ಲ. ನೌಕರಿಯನ್ನು ಎಸೆದು ಬಂದ ಬುದ್ಧಿಯಿಂದ ಹಿಡಿದು, ತನ್ನ ಮನೆಯಲ್ಲೇ ತಾನು ನೆಂಟನ ಹಾಗೆ ಹೂಂ ಎಂದುಕೊಂಡು ಓಡಾಡಿದ ನಾಲ್ಕು ವರ್ಷದ ತನಕ, ಬಾಕಿಯೆಲ್ಲ ಒಟ್ಟಿಗೇ ಬಂತು. ಲಾಂಡ್ರಿಯ ಮೆಷಿನ್ನುಗಳು ಕೇಳಿದ್ದರೆ ನಾಚಿ ನಿಂತುಬಿಡುತ್ತಿದ್ದವು. ಕೆಲಸ ಮುಗಿಸಿ ಬಂದ ಮಗಳು ಬಾಗಿಲಲ್ಲೇ ತಾಯಿಯ ದನಿ ಕೇಳಿ, ಕೊಟ್ಟ ಮಾತನ್ನು ನೆನಪಿಸಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಕುರ್ಚಿಯಲ್ಲಿ ಕೂತ ಗಂಡನ ಮುಖ ಕಂಡಿತು. ಅಷ್ಟು ಸುಖವಾಗಿ ಯಾರೂ ಬೈಸಿಕೊಂಡದ್ದನ್ನು ಅವಳು ನೋಡಿರಲಿಲ್ಲ. ಸದ್ದಿಲ್ಲದೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಅವನು ಈಗ ಗೋದಾಮಿನಲ್ಲಿದ್ದಾನೆ. ಆ ದಿನ ಅತ್ತೆ ಏನೇನು ಅಂದರು ಎಂದು ಚಿತ್ರದಾಕೆ ಕೇಳಿದಳು, ಕಂಡಕ್ಟರುಗಳು ಕೇಳಿದರು. ಎರಡನೆಯ ಕಂತು ಇಲ್ಲದೆ ಕಂಗೆಟ್ಟ ಮುಖ್ಯಸ್ಥರು ನೆಲಮಾಳಿಗೆಯ ಮೆಟ್ಟಿಲಿಳಿದು ಬಂದು, ಒಂದೇ ಒಂದು ಸಾಲು ಕೊಡಿ, ಮೊದಲಿನ ಕುರ್ಚಿಗೇ ಕರೆಸಿಕೊಳ್ಳುತ್ತೇನೆ ಎಂದು ಕೇಳಿಕೊಂಡರು. ಅವನು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಿದೆ, ಆದರೆ ನಾನೂ ಹೇಳುವುದಿಲ್ಲ. ಅದು ಅವನೊಬ್ಬನಿಗೆ ಬೈದದ್ದು.